ಮುಂದಿನ ಕೋಚ್ ಯಾರು? ಹಿಂಗಣಾದಿಂದ ಚಿನ್ನಸ್ವಾಮಿವರೆಗೆ ಒಂದು ಹಳೆಯ ವಾದ



ನಿಮ್ಮಲ್ಲಿ ಕೆಲವರಿಗೆ ನಾಗಪುರದ ಹಿಂಗಣಾ ರಸ್ತೆ ಗೊತ್ತಿರಬಹುದು. ಮೆಟ್ರೋದಲ್ಲಿ ಬಂದು ಲೋಕಮಾನ್ಯ ನಗರದಲ್ಲಿ ಇಳಿದರೆ ಸುತ್ತಲೂ ಎಂಐಡಿಸಿ ಕಾರ್ಖಾನೆಗಳು, ಶಿಫ್ಟ್ ಮುಗಿಸಿ ಹೊರಬರುವ ಜನ, ಬಿಸಿ ಬಿಸಿ ತರ್ರಿ ಪೋಹೆಯ ಗಾಡಿಗಳು. ಟ್ರ್ಯಾಕ್ಟರ್ ಕಾರ್ಖಾನೆ ಇದೆ, ಇಂಜಿನಿಯರಿಂಗ್ ಕಾಲೇಜು ಇದೆ. ಹಾಗಾಗಿ ಊರೂರುಗಳಿಂದ ಬಂದವರೂ ಇದ್ದಾರೆ. ಅವರ ನಡುವೆ ಕನ್ನಡದವರೂ ಉಂಟು. ಅಲ್ಲಿಂದ ವಾರ್ಧಾ ರಸ್ತೆಯ ಕಡೆ ಹೊರಟರೆ ಜಾಮಠಾದಲ್ಲಿ ವಿದರ್ಭ ಕ್ರಿಕೆಟ್ ಸಂಸ್ಥೆಯ ದೊಡ್ಡ ಸ್ಟೇಡಿಯಂ ಸಿಗುತ್ತದೆ.

ನಾಲ್ಕು ಜನ ಸೇರುವ ಇಂಥ ಜಾಗದಲ್ಲಿ ಒಂದು ವಾದ ಯಾವಾಗಲೂ ನಡೆಯುತ್ತಿರುತ್ತದೆ. ತಂಡ ಸೋತಿತು, ಈಗಿನ ಕೋಚ್ ಸಾಕು, ಮುಂದಿನವರು ಯಾರು? ಒಬ್ಬ "ನಮ್ಮವರೇ ಬೇಕು" ಅನ್ನುತ್ತಾನೆ. ಇನ್ನೊಬ್ಬ "ಹೊರಗಿನವರು ಬಂದರೇ ಶಿಸ್ತು ಬರುವುದು" ಅನ್ನುತ್ತಾನೆ. ಮೂರನೆಯವನು "ಆಡುವವರು ಸರಿಯಿಲ್ಲದಿದ್ದರೆ ಯಾರು ಬಂದರೇನು" ಎಂದು ಚಹಾದ ಲೋಟ ಕೆಳಗಿಡುತ್ತಾನೆ. ನೀವೂ ಈ ಮೂವರಲ್ಲಿ ಒಬ್ಬರಾಗಿ ಒಮ್ಮೆಯಾದರೂ ಮಾತಾಡಿರುತ್ತೀರಿ.

ಈ ವಾದಕ್ಕೂ ಒಂದು ಇತಿಹಾಸ ಇದೆ. ಆ ಇತಿಹಾಸದಲ್ಲಿ ನಾಗಪುರಕ್ಕೂ ನಮ್ಮ ಕರ್ನಾಟಕಕ್ಕೂ ಒಂದು ವಿಚಿತ್ರ ನಂಟು ಇದೆ. ಈ ಸಲ ಅದನ್ನೇ ನೋಡೋಣ.

ಕೋಚ್ ಇಲ್ಲದ ಕಾಲ

ಇವತ್ತಿನ ಹುಡುಗರಿಗೆ ನಂಬಲು ಕಷ್ಟವಾಗಬಹುದು. ಭಾರತದ ಕ್ರಿಕೆಟ್ ಬಹಳ ಕಾಲ ಈಗಿನ ಅರ್ಥದ ಕೋಚ್ ಇಲ್ಲದೆಯೇ ನಡೆಯಿತು. ನಾಯಕನೇ ಎಲ್ಲ. ಬೌಲಿಂಗ್ ಯಾರಿಗೆ, ಯಾರು ಎಷ್ಟನೆಯವರಾಗಿ ಇಳಿಯಬೇಕು, ಯಾರಿಗೆ ಗದರಬೇಕು, ಯಾರ ಬೆನ್ನು ತಟ್ಟಬೇಕು, ಎಲ್ಲ ಅವನ ಜವಾಬ್ದಾರಿ.

1973-74ರಲ್ಲಿ ಕರ್ನಾಟಕ ಮೊದಲ ಸಲ ರಣಜಿ ಟ್ರೋಫಿ ಗೆದ್ದಿತು. ಅದಕ್ಕೆ ಮುಂಚೆ ಮುಂಬೈ ಸತತ 15 ವರ್ಷ ಗೆದ್ದಿತ್ತು. ಸೆಮಿಫೈನಲ್‌ನಲ್ಲಿ ಬೆಂಗಳೂರಿನಲ್ಲೇ ಮುಂಬೈಯನ್ನು ಕೆಳಗಿಳಿಸಿ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿದ ಆ ತಂಡದ ನಾಯಕ ಪ್ರಸನ್ನ. ಜೊತೆಯಲ್ಲಿ ಚಂದ್ರಶೇಖರ್, ವಿಶ್ವನಾಥ್, ಬ್ರಿಜೇಶ್ ಪಟೇಲ್. ಆ ಗೆಲುವು ನೆನೆಯುವಾಗ ಕೋಚ್ ಯಾರು ಎಂದು ಯಾರೂ ಕೇಳುವುದಿಲ್ಲ. 1983ರಲ್ಲಿ ಕಪಿಲ್ ದೇವ್ ತಂಡ ವಿಶ್ವಕಪ್ ಗೆದ್ದಾಗಲೂ ಜೊತೆಗಿದ್ದವರು ಮ್ಯಾನೇಜರ್ ಮಾನ್‌ಸಿಂಗ್. ಕೋಚ್ ಅಂತ ಇರಲಿಲ್ಲ.

1990ರಲ್ಲಿ ಬಿಷನ್ ಸಿಂಗ್ ಬೇಡಿ ಕ್ರಿಕೆಟ್ ಮ್ಯಾನೇಜರ್ ಆಗಿ ಬಂದರು. ಆಮೇಲೆ ಅಜಿತ್ ವಾಡೇಕರ್, ಸಂದೀಪ್ ಪಾಟೀಲ್, ಮದನ್ ಲಾಲ್, ಅಂಶುಮಾನ್ ಗಾಯಕವಾಡ್, ಕಪಿಲ್ ದೇವ್. ಇವರೆಲ್ಲ ಹಳೆಯ ಆಟಗಾರರು, ಎಲ್ಲರಿಗೂ ಗೊತ್ತಿದ್ದ ಮುಖಗಳು. ಹಾಗಾಗಿ ಒಬ್ಬರು ಹೋಗಿ ಇನ್ನೊಬ್ಬರು ಬಂದರೂ ಬೀದಿಯಲ್ಲಿ ಅಷ್ಟೇನೂ ಗದ್ದಲವಾಗಲಿಲ್ಲ.

ಗದ್ದಲ ಶುರುವಾಗಿದ್ದು ಯಾವಾಗ

2000ದಲ್ಲಿ ನ್ಯೂಜಿಲೆಂಡ್‌ನ ಜಾನ್ ರೈಟ್ ಬಂದರು. ಭಾರತ ತಂಡಕ್ಕೆ ಮೊದಲ ವಿದೇಶಿ ಕೋಚ್. ಅವರು ಇಂಗ್ಲೆಂಡಿನ ಕೆಂಟ್ ಕೌಂಟಿಯಲ್ಲಿ ಕೋಚ್ ಆಗಿದ್ದಾಗ ಅಲ್ಲಿ ಆಡುತ್ತಿದ್ದವರು ನಮ್ಮ ರಾಹುಲ್ ದ್ರಾವಿಡ್. ರೈಟ್ ಹೆಸರು ಭಾರತದಲ್ಲಿ ಓಡಾಡಲು ಆ ಪರಿಚಯವೂ ಒಂದು ಕಾರಣ. "ನಮ್ಮಲ್ಲಿ ಯಾರೂ ಇಲ್ಲವೇ" ಎಂಬ ಕೊಂಕು ಮೊದಲು ಬಂತು. ರೈಟ್ ಸದ್ದಿಲ್ಲದೆ ಕೆಲಸ ಮಾಡಿದರು. 2001ರಲ್ಲಿ ಆಸ್ಟ್ರೇಲಿಯಾ ವಿರುದ್ಧದ ಟೆಸ್ಟ್ ಸರಣಿ ಗೆಲುವು, 2003ರ ವಿಶ್ವಕಪ್ ಫೈನಲ್. ಕೊಂಕು ನಿಂತಿತು.

2005ರಲ್ಲಿ ರೈಟ್ ಹೋದಾಗ ದೇಶವೇ ಆಯ್ಕೆ ಸಮಿತಿಯಾಯಿತು. ಗ್ರೆಗ್ ಚಾಪೆಲ್, ಟಾಮ್ ಮೂಡಿ, ಮೊಹಿಂದರ್ ಅಮರನಾಥ್, ಡೆಸ್ಮಂಡ್ ಹೇನ್ಸ್, ನಾಲ್ಕು ಹೆಸರು. ಟಿವಿ ಚಾನೆಲ್‌ಗಳಲ್ಲಿ ಎಸ್‌ಎಂಎಸ್ ಮತದಾನದ ಕಾಲ ಅದು, ನಿಮಗೆ ನೆನಪಿರಬಹುದು. ಆ ವರ್ಷದ ಮೇ ತಿಂಗಳಲ್ಲಿ ಚಾಪೆಲ್ ಆಯ್ಕೆಯಾದರು. ಆಟಗಾರನಾಗಿ ಅವರ ಹೆಸರಿಗೆ ಎದುರು ಮಾತೇ ಇರಲಿಲ್ಲ. ಆದರೆ ಕೆಲವೇ ತಿಂಗಳಲ್ಲಿ ಗಂಗೂಲಿ ಜೊತೆ ಮನಸ್ತಾಪ. ಆ ನವೆಂಬರ್‌ನಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಪ್ರೇಕ್ಷಕರು ಸ್ವಂತ ದೇಶದ ಬದಲು ದಕ್ಷಿಣ ಆಫ್ರಿಕಾಕ್ಕೆ ಚಪ್ಪಾಳೆ ಹೊಡೆದರು. ಆಗ ನಾಯಕರಾಗಿದ್ದ ದ್ರಾವಿಡ್ ನಡುವೆ ಸಿಕ್ಕಿಕೊಂಡರು. ಕನ್ನಡದ ಮನೆಗಳಲ್ಲೂ ಆಗ ಎರಡು ಗುಂಪು. 2007ರ ವಿಶ್ವಕಪ್‌ನಲ್ಲಿ ಬಾಂಗ್ಲಾದೇಶ, ಶ್ರೀಲಂಕಾ ಎದುರು ಸೋತು ಮೊದಲ ಸುತ್ತಿನಲ್ಲೇ ತಂಡ ಮನೆಗೆ ಬಂತು. ಚಾಪೆಲ್ ರಾಜೀನಾಮೆ ಕೊಟ್ಟರು.

ಆಮೇಲೆ ಆಗಿದ್ದು ತಮಾಷೆಯಾಗಿದೆ. ಮಂಡಳಿ ದಕ್ಷಿಣ ಆಫ್ರಿಕಾದ ಗ್ರಹಾಂ ಫೋರ್ಡ್‌ಗೆ ಕೆಲಸ ಕೊಟ್ಟಿತು, ಅವರು ಬೇಡ ಎಂದರು. ಹಿರಿಯರಾದ ಚಂದು ಬೋರ್ಡೆ ಮ್ಯಾನೇಜರ್ ಆಗಿ ಇಂಗ್ಲೆಂಡಿಗೆ ಹೋದರು. ದ್ರಾವಿಡ್ ನಾಯಕತ್ವದಲ್ಲಿ ತಂಡ ಅಲ್ಲಿ ಟೆಸ್ಟ್ ಸರಣಿ ಗೆದ್ದಿತು. ಅದೇ ಸೆಪ್ಟೆಂಬರ್‌ನಲ್ಲಿ ಲಾಲ್‌ಚಂದ್ ರಜಪೂತ್ ಮ್ಯಾನೇಜರ್, ನಮ್ಮ ವೆಂಕಟೇಶ್ ಪ್ರಸಾದ್ ಬೌಲಿಂಗ್ ಕೋಚ್ ಆಗಿ ಹೋದ ತಂಡ ಮೊದಲ ಟಿ-20 ವಿಶ್ವಕಪ್ ಗೆದ್ದಿತು. ಅಂದರೆ ಅತಿ ದೊಡ್ಡ ಹೆಸರಿನ ಕೋಚ್ ಇದ್ದಾಗ ಸೋಲು, ಮುಖ್ಯ ಕೋಚೇ ಇಲ್ಲದಾಗ ಗೆಲುವು. ಹಾಗಂತ ಕೋಚ್ ಬೇಡ ಎಂದೂ ಹೇಳಲಾಗದು. 2008ರಲ್ಲಿ ಬಂದ ಗ್ಯಾರಿ ಕರ್ಸ್ಟನ್ ಅಡಿಯಲ್ಲಿ 2011ರ ವಿಶ್ವಕಪ್ ಬಂತು.

ಇನ್ನು ನಾಗಪುರದ ಕಥೆಗೆ ಬರೋಣ.

ಅರವತ್ತು ವರ್ಷ ಕಾದ ತಂಡ

ವಿದರ್ಭ ತಂಡ ರಣಜಿಗೆ ಕಾಲಿಟ್ಟಿದ್ದು 1957-58ರಲ್ಲಿ. ಅಲ್ಲಿಂದ ಅರವತ್ತು ವರ್ಷ ಅದು ಬೇರೆಯವರು ಸುಲಭವಾಗಿ ಅಂಕ ಗಳಿಸುವ ತಂಡವಾಗಿತ್ತು. 2008ರಲ್ಲಿ ಜಾಮಠಾದಲ್ಲಿ ಹೊಸ ಸ್ಟೇಡಿಯಂ ಬಂತು. ಆ ನವೆಂಬರ್‌ನಲ್ಲಿ ಅಲ್ಲಿನ ಮೊದಲ ಟೆಸ್ಟ್ ಆಸ್ಟ್ರೇಲಿಯಾ ವಿರುದ್ಧ, ಗಂಗೂಲಿಯ ಕೊನೆಯ ಟೆಸ್ಟ್ ಕೂಡ ಅದೇ. ಕುಂಬ್ಳೆ ಕೆಲವೇ ದಿನ ಮುಂಚೆ ದೆಹಲಿಯಲ್ಲಿ ನಿವೃತ್ತಿ ಹೇಳಿದ್ದರು. ಸ್ಟೇಡಿಯಂ ಬಂದರೂ ತಂಡಕ್ಕೆ ಟ್ರೋಫಿ ಬರಲಿಲ್ಲ.

ವಿದರ್ಭದವರು ಹೊರಗಿನ ಅನುಭವಿಗಳನ್ನು ಕರೆಯತೊಡಗಿದರು. ತಮಿಳುನಾಡಿನ ಬದರೀನಾಥ್ ಬಂದರು. ಮುಂಬೈನ ವಾಸಿಂ ಜಾಫರ್ ಬಂದರು. ದಾವಣಗೆರೆಯಲ್ಲಿ ಹುಟ್ಟಿದ ಗಣೇಶ್ ಸತೀಶ್ ಬಂದರು. ಇದೇ ಸತೀಶ್ 2014ರ ಆರಂಭದಲ್ಲಿ ಹೈದರಾಬಾದಿನಲ್ಲಿ ಕರ್ನಾಟಕ ರಣಜಿ ಫೈನಲ್ ಗೆದ್ದಾಗ ಶತಕ ಹೊಡೆದವರು. ಆಗ ಕರ್ನಾಟಕದ ಕೋಚ್ ಜೆ. ಅರುಣ್ ಕುಮಾರ್, ನಾಯಕ ವಿನಯ್ ಕುಮಾರ್. ಎರಡು ವರ್ಷ ಸತತವಾಗಿ ಟ್ರೋಫಿ ಗೆದ್ದ ಜೋಡಿ ಅದು. ಅರುಣ್ ಕುಮಾರ್ ನಮ್ಮವರೇ, ಕರ್ನಾಟಕಕ್ಕೆ ಆಡಿದವರೇ. ಅಲ್ಲಿ "ನಮ್ಮವರೇ ಬೇಕು" ಅನ್ನುವವನ ಮಾತು ನಿಜವಾಯಿತು.

ನಾಗಪುರದಲ್ಲಿ ಉಲ್ಟಾ. 2017ರಲ್ಲಿ ವಿದರ್ಭ ಮುಂಬೈನ ಚಂದ್ರಕಾಂತ್ ಪಂಡಿತ್ ಅವರನ್ನು ಕೋಚ್ ಆಗಿ ಕರೆಯಿತು. ಪಂಡಿತ್ ಭಾರತಕ್ಕೆ 5 ಟೆಸ್ಟ್ ಆಡಿದ ವಿಕೆಟ್ ಕೀಪರ್. ಕೋಚ್ ಆಗಿ ಮುಂಬೈಗೆ ಮೂರು ರಣಜಿ ಟ್ರೋಫಿ ಗೆಲ್ಲಿಸಿದ್ದರು. ಆದರೆ 2016-17ರಲ್ಲಿ ಮುಂಬೈ ಫೈನಲ್‌ನಲ್ಲಿ ಗುಜರಾತ್‌ಗೆ ಸೋತ ಮೇಲೆ ಅವರ ಜಾಗಕ್ಕೆ ಸಮೀರ್ ದಿಘೆ ಬಂದರು. ಫೈನಲ್‌ವರೆಗೆ ತಂದವರನ್ನು ಕಳಿಸಿದರಲ್ಲ ಎಂದು ಕೇಳಬಹುದು. ಮುಂಬೈಗೆ ಫೈನಲ್ ಅನ್ನುವುದು ಸೋಲಿನ ಲೆಕ್ಕ. ವಿದರ್ಭಕ್ಕೆ ಅದು ಕನಸು. ಒಬ್ಬನೇ ಕೋಚ್, ಒಂದು ಕಡೆ ಸಾಲದಾದ, ಇನ್ನೊಂದು ಕಡೆ ಅವನೇ ಬೇಕಾದ.

ಪಂಡಿತ್ ಕಟ್ಟುನಿಟ್ಟಿನ ಮನುಷ್ಯ. ಸಮಯ ಅಂದರೆ ಸಮಯ, ಅಭ್ಯಾಸ ಅಂದರೆ ಅಭ್ಯಾಸ. ದೊಡ್ಡ ಹೆಸರಿನ ಆಟಗಾರರು ತುಂಬಿರುವ ತಂಡದಲ್ಲಿ ಇದು ಎಲ್ಲರಿಗೂ ಒಗ್ಗುವುದಿಲ್ಲ. ಆದರೆ ಎಂದೂ ಗೆಲ್ಲದ ತಂಡಕ್ಕೆ, ಗೆಲ್ಲುವುದು ಹೇಗೆಂದು ಕಂಡವನೊಬ್ಬ ಹೇಳಿಕೊಡಬೇಕಿತ್ತು.

ಡಿಸೆಂಬರ್ 2017: ಕನ್ನಡಿಗರಿಗೆ ಎರಡು ವಾರ

ಆ ವರ್ಷ ಡಿಸೆಂಬರ್ 7ರಂದು ಜಾಮಠಾದಲ್ಲಿ ಕರ್ನಾಟಕಕ್ಕೂ ಮುಂಬೈಗೂ ಕ್ವಾರ್ಟರ್ ಫೈನಲ್. ನಾಗಪುರದ ಕನ್ನಡಿಗರ ಮನೆ ಬಾಗಿಲಿಗೆ ಕರ್ನಾಟಕ ಬಂದ ಹಾಗೆ. ವಿನಯ್ ಕುಮಾರ್ ಹ್ಯಾಟ್ರಿಕ್ ಹೊಡೆದು 6 ವಿಕೆಟ್ ತೆಗೆದರು, ಮುಂಬೈ 173ಕ್ಕೆ ಆಲೌಟ್. ಶ್ರೇಯಸ್ ಗೋಪಾಲ್ ಔಟಾಗದೆ 150 ಹೊಡೆದರು, ಕರ್ನಾಟಕ 570. ಕೊನೆಗೆ ಇನ್ನಿಂಗ್ಸ್ ಮತ್ತು 20 ರನ್ ಗೆಲುವು. ಪಂಡಿತ್ ಅವರನ್ನು ಬಿಟ್ಟುಕೊಟ್ಟ ಮುಂಬೈ, ಪಂಡಿತ್ ಅವರ ಹೊಸ ಊರಿನಲ್ಲೇ ಹೊರಬಿತ್ತು.

ಸೆಮಿಫೈನಲ್ ಕೋಲ್ಕತ್ತದ ಈಡನ್‌ನಲ್ಲಿ. ಎದುರಾಳಿ ವಿದರ್ಭ. ಈಗ ನಾಗಪುರದಲ್ಲಿರುವ ಕನ್ನಡಿಗ ಯಾರ ಪರ? ಹುಟ್ಟಿದ ನಾಡೋ, ಸಂಬಳ ಕೊಡುವ ಊರೋ? ಮುಂಬೈ, ದೆಹಲಿ, ಚೆನ್ನೈಗಳಲ್ಲಿರುವ ನಿಮಗೆ ಈ ಸಂಕಟ ವಿವರಿಸಬೇಕಿಲ್ಲ.

ವಿದರ್ಭ ಮೊದಲು 185ಕ್ಕೆ ಕುಸಿಯಿತು. ಕರ್ನಾಟಕ 301, ಅದರಲ್ಲಿ ಕರುಣ್ ನಾಯರ್ ಒಬ್ಬರೇ 153. ನೂರಕ್ಕೂ ಹೆಚ್ಚು ರನ್ ಹಿಂದೆ ಬಿದ್ದ ವಿದರ್ಭ ಎರಡನೇ ಸಲ 313 ಹೊಡೆಯಿತು. ಆ ಇನ್ನಿಂಗ್ಸ್‌ಗೆ ಬೆನ್ನೆಲುಬಾದವರು 81 ಹೊಡೆದ ಗಣೇಶ್ ಸತೀಶ್, ನಮ್ಮ ದಾವಣಗೆರೆಯ ಹುಡುಗ! ಕರ್ನಾಟಕಕ್ಕೆ 198 ಬೇಕಿತ್ತು. ನಾಲ್ಕನೇ ದಿನ ಮುಗಿದಾಗ 7 ವಿಕೆಟ್‌ಗೆ 111. ಕೊನೆಯ ದಿನ ಬೆಳಿಗ್ಗೆ ಬಾಲಂಗೋಚಿಗಳು ಹೋರಾಡಿ ಗುರಿಯ ಅಂಚಿನವರೆಗೆ ತಂದರು. ಆದರೆ ಎಡಬಿಡದೆ ಬೌಲ್ ಮಾಡಿದ ನಾಗಪುರದ ರಜನೀಶ್ ಗುರ್ಬಾನಿ 68 ರನ್ನಿಗೆ 7 ವಿಕೆಟ್ ತೆಗೆದರು. ಕರ್ನಾಟಕ 192ಕ್ಕೆ ಆಲೌಟ್. 5 ರನ್ ಸೋಲು.

ಬಳಿಕ ಇಂದೋರಿನ ಫೈನಲ್‌ನಲ್ಲಿ ದೆಹಲಿ ಎದುರು ಗುರ್ಬಾನಿ ಹ್ಯಾಟ್ರಿಕ್, ಅಕ್ಷಯ್ ವಾಡ್ಕರ್ ಶತಕ. 2018ರ ಜನವರಿ 1ರಂದು ಫೈಜ್ ಫಜಲ್ ನಾಯಕತ್ವದ ವಿದರ್ಭ 9 ವಿಕೆಟ್‌ಗಳಿಂದ ಗೆದ್ದು ಮೊದಲ ರಣಜಿ ಟ್ರೋಫಿ ಎತ್ತಿತು. ಮುಂದಿನ ವರ್ಷ ಜಾಮಠಾದಲ್ಲೇ ಸೌರಾಷ್ಟ್ರವನ್ನು 78 ರನ್‌ಗಳಿಂದ ಸೋಲಿಸಿ ಮತ್ತೆ ಗೆದ್ದರು. ವಾಸಿಂ ಜಾಫರ್ ಆ ಋತುವಿನಲ್ಲಿ ಸಾವಿರಕ್ಕೂ ಹೆಚ್ಚು ರನ್ ಹೊಡೆದಿದ್ದರು.

ಇಲ್ಲಿ ಒಂದು ಮಾತು ಗಮನಿಸಿ. ಎಲ್ಲರೂ "ಪಂಡಿತ್ ಜಾದೂ" ಎಂದರು. ಆದರೆ ನಾಯಕ ಫಜಲ್ ನಾಗಪುರದವರು. ಗುರ್ಬಾನಿ, ವಾಡ್ಕರ್ ಅಲ್ಲಿನ ಕ್ರಿಕೆಟ್‌ನಲ್ಲೇ ಬೆಳೆದವರು. ಮೈದಾನ ಮೊದಲೇ ಇತ್ತು, ಅನುಭವಿಗಳು ಮೊದಲೇ ಬಂದಿದ್ದರು. ಎಲ್ಲ ಸಾಮಾನು ಇದ್ದ ಅಡುಗೆಮನೆಗೆ ಬಂದ ಅಡುಗೆಯವರು ಪಂಡಿತ್. ಅವರಿಲ್ಲದಿದ್ದರೆ ಅಡುಗೆ ಆಗುತ್ತಿರಲಿಲ್ಲ ನಿಜ. ಸಾಮಾನಿಲ್ಲದಿದ್ದರೂ ಆಗುತ್ತಿರಲಿಲ್ಲ.

ಚಿನ್ನಸ್ವಾಮಿಯಲ್ಲಿ 23 ವರ್ಷದ ಬಾಕಿ

ಪಂಡಿತ್ ಅವರಿಗೆ ಕರ್ನಾಟಕದ ಜೊತೆ ಇನ್ನೂ ಹಳೆಯ ಲೆಕ್ಕವಿತ್ತು. 1999ರ ಏಪ್ರಿಲ್, ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ, ರಣಜಿ ಫೈನಲ್. ಆಗ ಅವರು ಮಧ್ಯಪ್ರದೇಶದ ನಾಯಕ. ಮೊದಲ ಇನ್ನಿಂಗ್ಸ್‌ನಲ್ಲಿ 75 ರನ್ ಮುನ್ನಡೆ ಸಿಕ್ಕಿತ್ತು. ಪಂದ್ಯ ಡ್ರಾ ಆದರೂ ಸಾಕು, ಟ್ರೋಫಿ ಅವರದೇ. ಆದರೆ ಕೊನೆಯ ದಿನ ವಿಜಯ್ ಭಾರದ್ವಾಜ್ 6 ವಿಕೆಟ್ ಕಿತ್ತರು, ಮಧ್ಯಪ್ರದೇಶ 150ಕ್ಕೆ ಮುಗಿಯಿತು. ಕರ್ನಾಟಕ 96 ರನ್‌ಗಳಿಂದ ಗೆದ್ದಿತು. ನಮಗೆ ಅದು ಹಬ್ಬ, ಪಂಡಿತ್‌ಗೆ ಮರೆಯಲಾಗದ ನೋವು.

ವಿದರ್ಭದ ಕೆಲಸ ಮುಗಿಸಿ 2020ರಲ್ಲಿ ಅವರು ಮಧ್ಯಪ್ರದೇಶದ ಕೋಚ್ ಆದರು. 2022ರ ಜೂನ್ 26ರಂದು ಅದೇ ಚಿನ್ನಸ್ವಾಮಿಯಲ್ಲಿ, ತಮ್ಮ ಹಳೆಯ ಊರು ಮುಂಬೈಯನ್ನೇ 6 ವಿಕೆಟ್‌ಗಳಿಂದ ಸೋಲಿಸಿ ಮಧ್ಯಪ್ರದೇಶ ಮೊದಲ ರಣಜಿ ಗೆದ್ದಿತು. ಕೋಚ್ ಆಗಿ ಪಂಡಿತ್‌ಗೆ ಅದು ಆರನೇ ಟ್ರೋಫಿ. ಅವರು ಮೈದಾನದಲ್ಲೇ ಕಣ್ಣೀರು ಹಾಕಿದ್ದನ್ನು ಟಿವಿಯಲ್ಲಿ ನೀವು ನೋಡಿರಬಹುದು.

ಗೆದ್ದರೂ ಹೋಗಬೇಕಾದವರು

ಹಾಗಾದರೆ ಫಲಿತಾಂಶವೇ ಅಳತೆಗೋಲೇ? ನಮ್ಮ ಅನಿಲ್ ಕುಂಬ್ಳೆ ಕಥೆ ಬೇರೆ ಹೇಳುತ್ತದೆ. 2016ರಲ್ಲಿ ಭಾರತ ತಂಡದ ಕೋಚ್ ಹುದ್ದೆಗೆ 57 ಅರ್ಜಿ ಬಂದಿದ್ದವು. ತೆಂಡೂಲ್ಕರ್, ಗಂಗೂಲಿ, ಲಕ್ಷ್ಮಣ್ ಇದ್ದ ಸಲಹಾ ಸಮಿತಿ ಕುಂಬ್ಳೆ ಹೆಸರು ಸೂಚಿಸಿತು. ಅವರ ಒಂದು ವರ್ಷದಲ್ಲಿ 17 ಟೆಸ್ಟ್, 12 ಗೆಲುವು, ಒಂದೇ ಸೋಲು. ಆದರೂ 2017ರ ಜೂನ್ 20ರಂದು, ಚಾಂಪಿಯನ್ಸ್ ಟ್ರೋಫಿ ಫೈನಲ್ ಸೋತ ಎರಡು ದಿನಕ್ಕೆ ಅವರು ಹೊರನಡೆದರು. ತಮ್ಮ ಕಾರ್ಯಶೈಲಿಯ ಬಗ್ಗೆ ನಾಯಕನಿಗೆ ಅಸಮಾಧಾನವಿದೆಯೆಂದು ಮಂಡಳಿಯಿಂದ ತಿಳಿಯಿತು ಎಂದು ಬರೆದರು. ಕೋಚ್‌ನ ಕೆಲಸ ತಂಡಕ್ಕೆ ಕನ್ನಡಿ ಹಿಡಿದಂತೆ ಎಂಬ ಅರ್ಥದ ಮಾತೂ ಅದರಲ್ಲಿತ್ತು.

ಅದೇ 2017ರಲ್ಲಿ, ಕಟ್ಟುನಿಟ್ಟಿನ ಪಂಡಿತ್‌ರನ್ನು ವಿದರ್ಭ ತೆರೆದ ಮನಸ್ಸಿನಿಂದ ಬರಮಾಡಿಕೊಂಡಿತು. ಕಟ್ಟುನಿಟ್ಟು ಎರಡೂ ಕಡೆ ಇತ್ತು. ಒಂದು ತಂಡ ಆಗಲೇ ಗೆಲ್ಲುತ್ತಿತ್ತು, ಇನ್ನೊಂದು ಗೆಲ್ಲಲು ಹಸಿದಿತ್ತು.

ದ್ರಾವಿಡ್ ಹಾದಿ ಮೂರನೆಯದು. 2018ರಲ್ಲಿ 19 ವರ್ಷದೊಳಗಿನವರ ತಂಡಕ್ಕೆ ವಿಶ್ವಕಪ್ ಗೆಲ್ಲಿಸಿ, 2021ರ ನವೆಂಬರ್‌ನಲ್ಲಿ ಹಿರಿಯರ ತಂಡಕ್ಕೆ ಬಂದರು. 2023ರ ನವೆಂಬರ್ 19ರಂದು ಅಹಮದಾಬಾದ್ ಫೈನಲ್ ಸೋತಾಗ "ಸಾಕು, ಬೇರೆಯವರನ್ನು ತನ್ನಿ" ಎಂದವರಿಗೆ ಬರವಿರಲಿಲ್ಲ. ಮಂಡಳಿ ಅವಧಿ ವಿಸ್ತರಿಸಿತು. 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಟಿ-20 ವಿಶ್ವಕಪ್ ಬಂತು. 2007ರಲ್ಲಿ ನಾಯಕನಾಗಿ ತಲೆ ತಗ್ಗಿಸಿ ಮರಳಿದ್ದ ವೆಸ್ಟ್ ಇಂಡೀಸ್‌ನಲ್ಲೇ ಅವರು ಕಪ್ ಎತ್ತಿ ಕೂಗಿದ ಚಿತ್ರ ಎಲ್ಲರ ಮನಸ್ಸಿನಲ್ಲಿದೆ.

ಈ ವಾದ ನಮ್ಮದೊಂದೇ ಅಲ್ಲ. ಅಮೆರಿಕದ ಬಾಸ್ಕೆಟ್‌ಬಾಲ್ ಅಭಿಮಾನಿಗಳು ಇದರಲ್ಲಿ ನಮಗಿಂತ ಮುಂದೆ. 2012ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ತಂಡ ಋತುವಿನ ಐದೇ ಪಂದ್ಯಕ್ಕೆ ಕೋಚ್ ಮೈಕ್ ಬ್ರೌನ್‌ರನ್ನು ತೆಗೆಯಿತು. ಐದು ಸಲ ತಂಡಕ್ಕೆ ಚಾಂಪಿಯನ್ ಪಟ್ಟ ತಂದಿದ್ದ ಫಿಲ್ ಜಾಕ್ಸನ್ ಬೇಕೆಂದು ಪ್ರೇಕ್ಷಕರು ಕ್ರೀಡಾಂಗಣದಲ್ಲೇ ಕೂಗಿದರು. ಆಡಳಿತ ಕರೆದಿದ್ದು ಮೈಕ್ ಡಿ'ಆಂಟೋನಿಯನ್ನು. ತಾರೆಯರಿಂದ ತುಂಬಿದ್ದ ಆ ತಂಡ ಪ್ಲೇ-ಆಫ್‌ನ ಮೊದಲ ಸುತ್ತಿನಲ್ಲೇ ಒಂದೂ ಪಂದ್ಯ ಗೆಲ್ಲದೆ ಹೊರಬಿತ್ತು. ಅಭಿಮಾನಿಗಳು ಹೇಳಿದ್ದೇ ಸರಿಯಿತ್ತು ಎಂದು ಇಂದಿಗೂ ಹೇಳುವವರಿದ್ದಾರೆ. ಜಾಕ್ಸನ್ ಬಂದಿದ್ದರೂ ಗಾಯಾಳುಗಳ ಕಾಲು ವಾಸಿಯಾಗುತ್ತಿತ್ತೇ ಎಂದು ಕೇಳುವವರೂ ಇದ್ದಾರೆ.

ಮತ್ತೆ ಹಿಂಗಣಾಕ್ಕೆ

ಕೊನೆಗೆ ಚಹಾದ ಗಾಡಿಗೇ ಬರೋಣ. 2025ರ ಮಾರ್ಚ್ 2ರಂದು ಜಾಮಠಾದಲ್ಲಿ ವಿದರ್ಭ ಮೂರನೇ ಸಲ ರಣಜಿ ಗೆದ್ದಿತು. ಕೇರಳದ ಎದುರು ಪಂದ್ಯ ಡ್ರಾ, ಮೊದಲ ಇನ್ನಿಂಗ್ಸ್ ಮುನ್ನಡೆಯಿಂದ ಟ್ರೋಫಿ. ಈ ಸಲ ಕೋಚ್ ಹೊರಗಿನವರಲ್ಲ. ವಿದರ್ಭಕ್ಕೇ ಆಡಿ, ನಾಯಕನೂ ಆಗಿದ್ದ ಉಸ್ಮಾನ್ ಘನಿ. ಹಿಂದಿನ ವರ್ಷ ಮುಂಬೈ ಎದುರು ಫೈನಲ್ ಸೋತಿದ್ದರೂ ವಿದರ್ಭ ಅವರನ್ನು ಬಿಡಲಿಲ್ಲ. ಹರ್ಷ್ ದುಬೆ ಆ ಋತುವಿನಲ್ಲಿ 69 ವಿಕೆಟ್ ತೆಗೆದು ದಾಖಲೆ ಮಾಡಿದರು.

ಆ ಫೈನಲ್‌ನಲ್ಲಿ ವಿದರ್ಭಕ್ಕೆ 86 ಮತ್ತು 135 ಹೊಡೆದವರು ಯಾರು ಗೊತ್ತೇ? ಕರುಣ್ ನಾಯರ್. ಏಳು ವರ್ಷ ಹಿಂದೆ ಈಡನ್‌ನಲ್ಲಿ ಕರ್ನಾಟಕದ ಪರ ಇದೇ ವಿದರ್ಭದ ಬೌಲರ್‌ಗಳನ್ನು ಬಡಿದಿದ್ದವರು. ಕರ್ನಾಟಕ ತಂಡದಲ್ಲಿ ಜಾಗ ಸಿಗದೆ 2023ರಲ್ಲಿ ನಾಗಪುರಕ್ಕೆ ಬಂದಿದ್ದರು. ಅಲ್ಲಿ ಹೊಡೆದ ರನ್‌ಗಳಿಂದ 2025ರಲ್ಲಿ ಮತ್ತೆ ಭಾರತ ತಂಡ ಸೇರಿ ಇಂಗ್ಲೆಂಡಿಗೆ ಹೋದರು. ಎದುರಾಳಿ ಕೇರಳದಲ್ಲಿ ಆಡುತ್ತಿದ್ದವರು ಆದಿತ್ಯ ಸರವಟೆ. 2019ರ ಫೈನಲ್‌ನಲ್ಲಿ ವಿದರ್ಭಕ್ಕೆ 11 ವಿಕೆಟ್ ತೆಗೆದು ಗೆಲ್ಲಿಸಿದ್ದವರು! ನಮ್ಮವರು ಯಾರು, ಹೊರಗಿನವರು ಯಾರು, ಹೇಳಿ ನೋಡೋಣ.

ಅದಕ್ಕೇ ಹೇಳುವುದು. ಎಂದೂ ಗೆಲ್ಲದ ತಂಡಕ್ಕೆ ಗೆಲುವು ಕಂಡ ಹೊರಗಿನವರು ಬೇಕಾಯಿತು. ಗೆಲುವು ರೂಢಿಯಾದ ಮೇಲೆ ಹುಡುಗರನ್ನು ಚಿಕ್ಕಂದಿನಿಂದ ಬಲ್ಲ ಮನೆಯವರು ಸಾಕಾದರು. ವಿದರ್ಭ ಎರಡು ಸಲವೂ ತನಗೆ ಏನು ಕೊರತೆ ಎಂದು ಮೊದಲು ನೋಡಿಕೊಂಡಿತು, ಹೆಸರು ಆಮೇಲೆ ಹುಡುಕಿತು. ನಾವು ಮಾತ್ರ ಹೆಸರಿನಿಂದಲೇ ಶುರುಮಾಡುತ್ತೇವೆ. 2005ರಲ್ಲಿ ಹಾಗೇ ಆಯಿತು, 2012ರಲ್ಲಿ ದೂರದ ಲಾಸ್ ಏಂಜಲೀಸ್‌ನಲ್ಲೂ ಹಾಗೇ ಆಯಿತು. ಸೋಲು ನೋಡಿ ಹೊಟ್ಟೆ ಉರಿದಾಗ ಒಬ್ಬನ ಹೆಸರು ಹಿಡಿದು ಬೈಯುವುದು, ಇನ್ನೊಬ್ಬನ ಹೆಸರು ಹಿಡಿದು ಹಾರೈಸುವುದು ಸುಲಭ. ಅದರ ಬೆಲೆ ತೆರುವವರು ಮಾತ್ರ ಆಟಗಾರರು, ಒಂದೊಂದು ಋತು ಕಳೆದುಕೊಳ್ಳುವ ಹದಿನೆಂಟು ಇಪ್ಪತ್ತರ ಹುಡುಗರು.

ಹಾಗಂತ ವಾದ ಬಿಡಬೇಡಿ. ಅಭಿಮಾನಿ ವಾದ ಬಿಟ್ಟ ದಿನ ತಂಡದ ಮೇಲಿನ ಪ್ರೀತಿಯೂ ಹೋಯಿತು ಅಂತಲೇ ಅರ್ಥ. ಮುಂದಿನ ಸಲ ನಿಮ್ಮ ತಂಡ ಸೋತು, ಗೆಳೆಯರ ನಡುವೆ ಅದೇ ಪ್ರಶ್ನೆ ಎದ್ದಾಗ, ಹೆಸರು ಹೇಳುವ ಮುಂಚೆ ಒಂದು ಮಾತು ಕೇಳಿ ನೋಡಿ: ನಮ್ಮ ತಂಡಕ್ಕೆ ಈಗ ಏನು ಕಡಿಮೆಯಾಗಿದೆ? ಶಿಸ್ತೋ, ಧೈರ್ಯವೋ, ಕಲಿಸುವ ತಾಳ್ಮೆಯೋ? ಅದಕ್ಕೆ ಉತ್ತರ ಸಿಕ್ಕರೆ ಹೆಸರು ಹುಡುಕುವುದು ಅಷ್ಟು ಕಷ್ಟವಾಗಲಾರದು.

ನಿಮ್ಮ ಊರಿನ, ಕಾಲೇಜಿನ, ಕನ್ನಡ ಸಂಘದ ತಂಡಕ್ಕೆ ಆಟ ಕಲಿಸಿದ ಕೋಚ್ ಯಾರಾದರೂ ನೆನಪಾದರೆ ನಮಗೆ ಬರೆದು ಕಳಿಸಿ. ಮುಂದಿನ ಕಾರ್ಯಕ್ರಮದಲ್ಲಿ ಓದೋಣ.